ಜೋಳದ ರೊಟ್ಟಿ ಒಡೆಯುತ್ತಿದ್ದರೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಜೋಳದ ರೊಟ್ಟಿ ಒಡೆಯಿತೆಂದರೆ ಹೆಚ್ಚಿನ ಮನೆಗಳಲ್ಲಿ ಮೊದಲು ನಡೆಯುವುದು ಒಂದು ಹಿಡಿ ಗೋಧಿ ಹಿಟ್ಟು ಬೆರೆಸುವ ಕೆಲಸ. ಅದರಿಂದ ಒಡೆಯುವುದು ನಿಲ್ಲುತ್ತದೆ, ನಿಜ. ಆದರೆ ಜೋಳದ ರುಚಿ ಹೋಗುತ್ತದೆ, ಯಾಕೆ ಒಡೆಯುತ್ತಿತ್ತು ಎನ್ನುವುದೂ ತಿಳಿಯದೇ ಉಳಿಯುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನು ಒಗ್ಗದವರು ಮನೆಯಲ್ಲಿದ್ದರೆ ಆ ಒಂದು ಹಿಡಿ ಹಿಟ್ಟೇ ಅವರ ಆರೋಗ್ಯ ಕೆಡಿಸಬಹುದು. ಆದ್ದರಿಂದ ಬೆರಕೆಯ ದಾರಿಯನ್ನು ಇಲ್ಲಿ ಹೇಳುವುದಿಲ್ಲ. ಜೋಳ, ನೀರು, ಬೆಂಕಿ ಈ ಮೂರರಲ್ಲೇ ದೋಷ ಇರುತ್ತದೆ, ಸರಿಪಡಿಸುವ ದಾರಿಯೂ ಇವುಗಳಲ್ಲೇ ಇದೆ.

ರೊಟ್ಟಿಯ ತಪ್ಪು ಕಣ್ಣಿಗೆ ಬೀಳುವುದು ಬಡಿಯುವಾಗ, ಇಲ್ಲವೇ ಹಂಚಿನ ಮೇಲೆ. ಆದರೆ ಅದು ಆಗಿಹೋಗಿರುವುದು ಬಹಳ ಸಲ ಅದಕ್ಕೂ ಮುಂಚೆ, ಹಿಟ್ಟಿಗೆ ಎಸರು, ಅಂದರೆ ಕುದಿಯುವ ನೀರು, ಹಾಕಿದ ಆ ಒಂದೆರಡು ನಿಮಿಷದಲ್ಲಿ. ಅಷ್ಟಾದರೂ ನಾವು ಬೈಯುವುದು ಕೈಯನ್ನು. ಕೈ ಪಳಗಿಲ್ಲ, ಉತ್ತರ ಕರ್ನಾಟಕದವರಿಗೆ ಮಾತ್ರ ಬರುವ ವಿದ್ಯೆ ಎಂದು ಕೈಬಿಟ್ಟವರನ್ನು ಬೆಂಗಳೂರು, ಮೈಸೂರು ಕಡೆ ಬೇಕಾದಷ್ಟು ನೋಡಿದ್ದೇನೆ. ಕೈ ಪಳಗದಿದ್ದರೆ ರೊಟ್ಟಿ ದುಂಡಗೆ ಬರುವುದಿಲ್ಲ, ತೆಳ್ಳಗೆ ಬರುವುದಿಲ್ಲ, ಅಷ್ಟೇ. ಸೀಳಿ ಸೀಳಿ ಹೋಗುವುದಕ್ಕೆ ಕಾರಣ ಬೇರೆ ಇದೆ.

ಜೋಳ ಹಿಡಿದುಕೊಳ್ಳುವುದು ಹೇಗೆ

ಗೋಧಿ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೂ ಗ್ಲುಟೆನ್ ಎಳೆಎಳೆಯಾಗಿ ಹೆಣೆದುಕೊಳ್ಳುತ್ತದೆ. ಜೋಳದಲ್ಲಿ ಅದಿಲ್ಲ. ಜೋಳದ ಮುಖ್ಯ ಪ್ರೋಟೀನು ಕ್ಯಾಫಿರಿನ್, ಅದು ನೀರು ಬಿದ್ದರೂ ಹಿಗ್ಗಿ ಎಳೆಯಾಗುವಂಥದ್ದಲ್ಲ. ಹಾಗಾದರೆ ರೊಟ್ಟಿಯನ್ನು ಹಿಡಿದಿಡುವುದು ಯಾವುದು? ಪಿಷ್ಟ. ಕುದಿಯುವ ನೀರು ಬಿದ್ದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಗಂಜಿಯಾಗುತ್ತವೆ. ಆ ಗಂಜಿಯೇ ಉಳಿದ ಹಿಟ್ಟಿಗೆ ಅಂಟು. ನಮ್ಮ ಕಡೆ ಹೆಣ್ಣುಮಕ್ಕಳು ಹಿಟ್ಟಿಗೆ 'ಜಿಗಿ' ಬಂತು ಎನ್ನುವುದು ಇದನ್ನೇ.

ಜೋಳದ ಪಿಷ್ಟ ಗಂಜಿಯಾಗಲು ಸುಮಾರು 68ರಿಂದ 78 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಗೋಧಿಯ ಪಿಷ್ಟಕ್ಕೆ 60ರ ಆಚೀಚೆ ಸಾಕು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಸಣ್ಣ ಲೆಕ್ಕ ಮಾಡೋಣ. 250 ಗ್ರಾಂ ಹಿಟ್ಟಿಗೆ 225 ಮಿಲಿಲೀಟರ್ ನೀರು ಎಂದಿಟ್ಟುಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಕೋಣೆಯ ಬಿಸಿಯಲ್ಲಿರುವ ಹಿಟ್ಟಿಗೆ ಆ ನೀರು ಬೆರೆತರೆ ಎರಡೂ ಸೇರಿ ಸುಮಾರು 74 ಡಿಗ್ರಿಗೆ ಬಂದು ನಿಲ್ಲುತ್ತವೆ. ಅಂದರೆ ಸರಿಯಾಗಿ ಗೆರೆಯ ಮೇಲೆ. ಅದೇ ನೀರು 80 ಡಿಗ್ರಿ ಇದ್ದರೆ ಮಿಶ್ರಣ 63ಕ್ಕೆ ಇಳಿಯುತ್ತದೆ, ಗಂಜಿ ಆಗುವುದೇ ಇಲ್ಲ. ಕೈ ಸುಡುವಷ್ಟು ಬಿಸಿ ಇದ್ದರೂ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. 'ನೀರು ಬಿಸಿ ಇತ್ತಲ್ಲ, ಆದರೂ ಒಡೀತು' ಎನ್ನುವವರ ದೋಷ ಇರುವುದು ಇಲ್ಲೇ. ಎಸರು ಎಂದರೆ ಬಿಸಿನೀರಲ್ಲ, ಕೊತಕೊತ ಕುದಿಯುತ್ತಿರುವ ನೀರು.

ಮೊದಲು ಹಿಟ್ಟನ್ನು ನೋಡಿ

ದೋಷ ಹುಡುಕುವಾಗ ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ. ಹಿಟ್ಟಿನಿಂದ ಶುರು ಮಾಡಿ. ಎರಡು ಚಮಚ ಹಿಟ್ಟನ್ನು ಬೆಚ್ಚಗಿನ ಬಟ್ಟಲಿಗೆ ಹಾಕಿ, ಒಲೆಯ ಮೇಲೆ ಕುದಿಯುತ್ತಿರುವ ನೀರನ್ನು ನೇರವಾಗಿ ಅದಕ್ಕೆ ಸುರಿದು, ಚಮಚದಿಂದ ತಿರುವಿ ಮುಚ್ಚಿಡಿ. ಕೈ ತಡೆಯುವಷ್ಟು ಆರಿದ ಮೇಲೆ ಚೆನ್ನಾಗಿ ಮಿದ್ದು, ಕಿರುಬೆರಳಿನ ದಪ್ಪಕ್ಕೆ ಹೊಸೆದು, ಬಳೆಯ ಆಕಾರಕ್ಕೆ ಬಗ್ಗಿಸಿ. ಬಗ್ಗಿದ ಹೊರಮೈಯಲ್ಲಿ ಸಣ್ಣ ಗೆರೆಗಳು ಮೂಡಿದರೂ ತುಂಡಾಗದಿದ್ದರೆ ಹಿಟ್ಟು ಸರಿಯಿದೆ, ದೋಷವನ್ನು ಮುಂದೆ ಹುಡುಕಬೇಕು. ಪಟ್ಟನೆ ಮುರಿದರೆ, ಅದೂ ಎಸರು ಸರಿಯಾಗಿ ಬಿದ್ದ ಮೇಲೂ ಮುರಿದರೆ, ಹಿಟ್ಟಿನಲ್ಲೇ ಜಿಗಿ ಇಲ್ಲ. ಅದಕ್ಕೆ ಕಾರಣ ಹಲವು.

ಎಲ್ಲಕ್ಕಿಂತ ಸಾಮಾನ್ಯವಾದದ್ದು ಹಳೇ ಹಿಟ್ಟು. ಜೋಳದ ಕಾಳಿನಲ್ಲಿ ಮೊಳಕೆಯ ಭಾಗ ದೊಡ್ಡದು, ಅದರಲ್ಲಿ ಕೊಬ್ಬೂ ಇದೆ. ಕಾಳಾಗಿದ್ದಾಗ ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಹಿಟ್ಟಾದ ಮೇಲೆ ಗಾಳಿಗೆ ಸಿಕ್ಕಿ ಬೇಗ ಕಮಟು ಹಿಡಿಯುತ್ತದೆ. ಒಂದು ಚಿಟಿಕೆ ಹಿಟ್ಟನ್ನು ನಾಲಗೆಯ ಮೇಲಿಟ್ಟು ನೋಡಿ. ಹೊಸ ಹಿಟ್ಟು ಸಪ್ಪೆ, ಕೊನೆಗೆ ತುಸು ಸಿಹಿ. ಹಳೆಯದು ಗಂಟಲಿನ ಹತ್ತಿರ ಕಹಿ ಬಿಡುತ್ತದೆ. ಆ ಹಿಟ್ಟಿನ ರೊಟ್ಟಿ ಒಡೆಯದೆ ಬಂದರೂ ತಿನ್ನಲು ಆಗುವುದಿಲ್ಲ, ಬಿಟ್ಟುಬಿಡಿ. ಕಾಳು ತಂದಿಟ್ಟುಕೊಂಡು ಹದಿನೈದು ದಿನಕ್ಕೆ ಬೇಕಾದಷ್ಟೇ ಗಿರಣಿಗೆ ಹಾಕಿಸುವ ಹಳೇ ಪದ್ಧತಿ ಬಹಳ ಸರಿಯಾದದ್ದು. ಅಮೆರಿಕ, ಇಂಗ್ಲೆಂಡಿನಲ್ಲಿ ಇರುವವರಿಗೆ ಗಿರಣಿ ಸಿಗುವುದಿಲ್ಲ. ಅಂಗಡಿಯ ಪೊಟ್ಟಣದ ಮೇಲೆ ಬೀಸಿದ ದಿನಾಂಕ ನೋಡಿ ಕೊಳ್ಳಿ, ತಂದಕೂಡಲೇ ಫ್ರೀಜರಿನಲ್ಲಿಡಿ. ಫ್ರೀಜರಿನ ಹಿಟ್ಟಿನಿಂದ ಹುಟ್ಟುವ ಇನ್ನೊಂದು ತೊಂದರೆಯನ್ನು ಮುಂದೆ ಹೇಳುತ್ತೇನೆ.

ಎರಡನೆಯದು ಕಾಳಿನ ಜಾತಿ. ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಕಡೆ ಕರಿನೆಲದಲ್ಲಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿ, ಬೇಸಿಗೆಯ ಬಾಗಿಲಿಗೆ ಕೊಯ್ಯುವ ಹಿಂಗಾರಿ ಬಿಳಿಜೋಳ ರೊಟ್ಟಿಗೆ ಮೊದಲ ಆಯ್ಕೆ. ಅದರಲ್ಲೂ ಎಂ 35-1 ಎಂದು ಕರೆಯುವ ಮಾಲದಂಡಿ. ಕಾಳು ದುಂಡಗೆ, ಮುತ್ತಿನಂತೆ ಹೊಳೆಯುತ್ತದೆ. ಕಾಳು ಬಲಿಯುವ ಹೊತ್ತಿಗೆ ಮಳೆ ಇರುವುದಿಲ್ಲವಾದ್ದರಿಂದ ಬೂಷ್ಟು ತಗಲುವುದು ಕಡಿಮೆ. ಮುಂಗಾರಿ ಜೋಳಕ್ಕೆ ಆ ಭಾಗ್ಯ ಇಲ್ಲ. ತೆನೆ ಹಾಲುಗಟ್ಟಿ ಬಲಿಯುವಾಗಲೇ ಮಳೆ ಹಿಡಿದರೆ ಕಾಳು ಕಪ್ಪಾಗುತ್ತದೆ, ಕೆಲವೊಮ್ಮೆ ತೆನೆಯಲ್ಲೇ ಮೊಳಕೆಗೆ ತಿರುಗುತ್ತದೆ. ಮೊಳಕೆಗೆ ತಿರುಗಿದ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಎದ್ದುಕೊಂಡಿರುತ್ತದೆ. ಅಂಥ ಹಿಟ್ಟು ಎಸರು ಬಿದ್ದಕೂಡಲೇ ಅಂಟಂಟಾಗಿ ಕೈಗೆ ಮೆತ್ತುತ್ತದೆ, ಒಣಹಿಟ್ಟು ಹಾಕಿದಷ್ಟೂ ಕುಡಿಯುತ್ತದೆ, ಬಡಿದರೆ ಹರಿಯುತ್ತದೆ. ಇದಕ್ಕೆ ಮನೆಯಲ್ಲಿ ಮದ್ದಿಲ್ಲ. ಅಂಗಡಿಯಲ್ಲೇ ಕಾಳನ್ನು ಅಂಗೈಗೆ ಸುರಿದುಕೊಂಡು ಕಪ್ಪು ಮೂತಿಯ ಕಾಳು ಎಷ್ಟಿದೆ ಎಂದು ನೋಡಿ ಕೊಳ್ಳಬೇಕು.

ಮೂರನೆಯದು ಬೀಸುವುದು. ತರಿ ಉಳಿದ ಹಿಟ್ಟಿನಲ್ಲಿ ಪ್ರತಿ ತರಿಯೂ ಬಿರುಕಿಗೆ ಬಾಗಿಲು. ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿದಾಗ ರವೆಯಂತೆ ತಾಕಿದರೆ ಇನ್ನೊಮ್ಮೆ ಗಿರಣಿಗೆ ಕೊಡಿ ಅಥವಾ ಸಣ್ಣ ಕಣ್ಣಿನ ಸಾಣಿಗೆ ಹಿಡಿಯಿರಿ. ಗಿರಣಿಯಿಂದ ತಂದ ಹಿಟ್ಟು ಬಿಸಿ ಇರುತ್ತದೆ. ಹಾಗೆಯೇ ಡಬ್ಬಿಗೆ ತುಂಬಿ ಮುಚ್ಚಿದರೆ ಬೆವರಿ ಗಂಟು ಕಟ್ಟುತ್ತದೆ. ಕಾಗದದ ಮೇಲೆ ಹರವಿ, ಪೂರ್ತಿ ಆರಿದ ಮೇಲೆ ತುಂಬಬೇಕು. ಗ್ಲುಟೆನ್ ಒಗ್ಗದವರ ಮನೆಯವರು ಇನ್ನೊಂದು ವಿಷಯ ಗಮನಿಸಬೇಕು. ಹಿಂದಿನವರು ಗೋಧಿ ಬೀಸಿಕೊಂಡು ಹೋದ ಗಿರಣಿಯಲ್ಲೇ ನಿಮ್ಮ ಜೋಳ ಹಾಕಿದರೆ ಕಲ್ಲಿಗೆ ಮೆತ್ತಿದ ಗೋಧಿ ನಿಮ್ಮ ಹಿಟ್ಟಿಗೆ ಬರುತ್ತದೆ.

ಹಿಟ್ಟಿನ ಬಣ್ಣ ಹಳದಿ ಇದ್ದರೆ ಅದು ಹೆಚ್ಚಾಗಿ ಈ ಜೋಳವಲ್ಲ, ಗೋವಿನಜೋಳ, ಅಂದರೆ ಮೆಕ್ಕೆಜೋಳ. ದಕ್ಷಿಣದ ಊರುಗಳ ಅಂಗಡಿಗಳಲ್ಲಿ ಬರೀ 'ಜೋಳದ ಹಿಟ್ಟು' ಎಂದು ಕೇಳಿದರೆ ಅದನ್ನೇ ಕಟ್ಟಿಕೊಡುವುದುಂಟು. ಬಿಳಿಜೋಳದ ಹಿಟ್ಟು ಎಂದೇ ಕೇಳಿ.

ಎಸರು: ಹೆಚ್ಚಿನ ದೋಷ ಇರುವ ಜಾಗ

ಹಿಟ್ಟು ಸರಿಯಿದ್ದೂ ರೊಟ್ಟಿ ಒಡೆಯುತ್ತಿದ್ದರೆ ಎಸರಿನ ಬಿಸಿ ಎಲ್ಲಿ ಸೋರಿಹೋಗುತ್ತಿದೆ ಎಂದು ನೋಡಬೇಕು.

ನಮ್ಮ ಪಕ್ಕದ ಮನೆಯ ಹುಡುಗಿ ಮಂಡ್ಯ ಕಡೆಯವಳು. ರಾಗಿಮುದ್ದೆ ಕಣ್ಣುಮುಚ್ಚಿ ತಿರುವುತ್ತಾಳೆ, ಜೋಳದ ರೊಟ್ಟಿ ಮಾತ್ರ ಬರುತ್ತಿರಲಿಲ್ಲ. "ಅಕ್ಕ, ಹಿಟ್ಟು ನಿಮ್ಮೂರ ಕಡೆಯಿಂದಾನೇ ತರ್ಸಿದ್ದು, ನೀರೂ ಕುದ್ದಿತ್ತು. ಆದ್ರೂ ಅಂಚೆಲ್ಲ ಸೀಳ್ಕೊಂಡು ಹೋಗ್ತಿದೆ" ಎಂದಳು. "ಹಿಟ್ಟು ಎಲ್ಲಿಟ್ಟಿದ್ದಿ ತಂಗಿ?" ಎಂದೆ. "ಫ್ರಿಜ್ಜಲ್ಲಿ, ಹುಳ ಆಗ್ಬಾರ್ದು ಅಂತ." ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಿಟ್ಟು 5 ಡಿಗ್ರಿಯ ಹತ್ತಿರ ಇರುತ್ತದೆ. ಅದೊಂದೇ ಮಿಶ್ರಣದ ಬಿಸಿಯನ್ನು ಸುಮಾರು 7 ಡಿಗ್ರಿ ಇಳಿಸುತ್ತದೆ. ಉಳಿದರ್ಧ ಅವಳ ಅಡುಗೆಕಟ್ಟೆಯ ಮೇಲಿತ್ತು: ದಪ್ಪ ತಳದ, ಅಗಲವಾದ ಸ್ಟೀಲಿನ ಪರಾತ. ಡಿಸೆಂಬರಿನ ಬೆಳಗು, ಗ್ರಾನೈಟ್ ಕಟ್ಟೆ, ಮುಟ್ಟಿದರೆ ಬೆರಳಿಗೆ ತಣ್ಣಗೆ ಹತ್ತುತ್ತಿತ್ತು. ಅರ್ಧ ಕಿಲೋ ತೂಕದ ತಣ್ಣನೆ ಪರಾತ ಇನ್ನೂ ಏಳೆಂಟು ಡಿಗ್ರಿ ನುಂಗಬಲ್ಲದು. ನೀರು ಕುದ್ದಿದ್ದು ನಿಜವೇ ಆದರೂ ಹಿಟ್ಟಿಗೆ ತಲುಪಿದ್ದು 60ರ ಆಸುಪಾಸಿನ ಬಿಸಿ. ಹಿಟ್ಟನ್ನು ಹಿಂದಿನ ರಾತ್ರಿಯೇ ಹೊರಗೆ ತೆಗೆದಿಟ್ಟು, ಪರಾತ ಬಿಟ್ಟು ನೀರು ಕುದಿಸಿದ ಪಾತ್ರೆಗೇ ಹಿಟ್ಟು ಹಾಕುವಂತೆ ಹೇಳಿದೆ. ಬೇರೇನನ್ನೂ ಬದಲಿಸಲಿಲ್ಲ. ಅವಳ ಕೈಯೂ ಅದೇ, ಹಿಟ್ಟೂ ಅದೇ, ಅಂಚು ಸೀಳುವುದು ನಿಂತಿತು.

ಪಾತ್ರೆಗೇ ಹಿಟ್ಟು ಹಾಕುವ ಈ ಕ್ರಮ ಹೊಸಬರಿಗೆ ಭದ್ರವಾದ ದಾರಿ. ನೀರು, ಚಿಟಿಕೆ ಉಪ್ಪು ಹಾಕಿ ಕುದಿಸಿ. ಮರಳುತ್ತಿರುವಾಗಲೇ ಉರಿ ಆರಿಸಿ ಹಿಟ್ಟು ಸುರಿದು, ಹಿಟ್ಟಿನ ಕೋಲಿನಿಂದಲೋ ಸೌಟಿನ ಹಿಡಿಯಿಂದಲೋ ತಿರುವಿ, ಮುಚ್ಚಳ ಹಾಕಿ ಐದು ನಿಮಿಷ ಬಿಡಿ. ಮುಚ್ಚುವುದನ್ನು ಮರೆಯಬೇಡಿ. ಆ ಐದು ನಿಮಿಷದಲ್ಲಿ ಒಳಗಿನ ಹಬೆ ಇನ್ನೂ ಒಣಗಿ ಉಳಿದ ಹಿಟ್ಟನ್ನು ತಲುಪುತ್ತದೆ. ಮುಚ್ಚಳ ತೆಗೆದಾಗ ಹಸಿ ಹಿಟ್ಟಿನ ವಾಸನೆ ಹೋಗಿ ಅಂಬಲಿ ಕಾಯಿಸಿದಂಥ ವಾಸನೆ ಬರಬೇಕು. ಬಂದಿದ್ದರೆ ಎಸರು ಹಿಡಿದಿದೆ.

ಆದರೆ ಉರಿಯ ಮೇಲೆ ಇಟ್ಟುಕೊಂಡೇ ಬಹಳ ಹೊತ್ತು ತಿರುವಬೇಡಿ. ಅದು ಮುದ್ದೆಯ ಹದ, ರೊಟ್ಟಿಯದಲ್ಲ. ಹಿಟ್ಟೆಲ್ಲ ಗಂಜಿಯಾದರೆ ರೊಟ್ಟಿ ಒಡೆಯುವುದಿಲ್ಲ, ಬದಲಿಗೆ ಬಡಿಯುವಾಗ ಹಿಂದಕ್ಕೆ ಎಳೆಯುತ್ತದೆ, ಕೈಗೆ ಅಂಟುತ್ತದೆ, ಬೆಂದ ಮೇಲೆ ಚರ್ಮದಂತೆ ಜಗಿಯಬೇಕಾಗುತ್ತದೆ. ನಮ್ಮ ಕಡೆ ಹಿರಿಯರು ಮಾಡುವ ಕ್ರಮದಲ್ಲಿ ಇದಕ್ಕೆ ಒಳ್ಳೇ ತಡೆ ಇದೆ. ಹಿಟ್ಟಿನ ರಾಶಿಯ ನಡುವೆ ಗುಂಡಿ ಮಾಡಿ, ಎಸರನ್ನು ಆ ಗುಂಡಿಗೆ ಮಾತ್ರ ಸುರಿದು, ನಡುವಿನ ಹಿಟ್ಟನ್ನಷ್ಟೇ ಮೊದಲು ತಿರುವುತ್ತಾರೆ. ಬಿಸಿಯೆಲ್ಲ ಅರ್ಧ ಹಿಟ್ಟಿನ ಮೇಲೆ ಬೀಳುವುದರಿಂದ ಅದು 80 ಡಿಗ್ರಿ ದಾಟಿ ಪೂರ್ತಿ ಗಂಜಿಯಾಗುತ್ತದೆ. ಸುತ್ತಲಿನ ಒಣಹಿಟ್ಟನ್ನು ಆಮೇಲೆ ಎಳೆದುಕೊಂಡು ಕಲಸುತ್ತಾರೆ. ಗಂಜಿಯಾದ ಅರ್ಧ, ಹಸಿಯಾಗಿ ಉಳಿದ ಅರ್ಧವನ್ನು ಹಿಡಿಯುತ್ತದೆ, ರೊಟ್ಟಿ ಮೆತ್ತಗೂ ಇರುತ್ತದೆ, ಜಗಿಯಲು ಹಗುರವೂ ಇರುತ್ತದೆ. ಎಸರನ್ನು ರಾಶಿಯ ಮೇಲೆಲ್ಲ ಚಿಮುಕಿಸಿದರೆ ಎಲ್ಲ ಕಡೆಯೂ ಅರೆಬಿಸಿಯಾಗಿ ಎಲ್ಲಿಯೂ ಗಂಜಿಯಾಗದೆ ಹೋಗುತ್ತದೆ. ನೋಡಲು ಸಣ್ಣ ವ್ಯತ್ಯಾಸ, ಆದರೆ ನಾನು ಕಂಡಂತೆ ಪರಾತದಲ್ಲಿ ಕಲಸುವವರ ದೋಷಗಳಲ್ಲಿ ಇದೇ ದೊಡ್ಡದು.

ನೀರಿನ ಅಳತೆ ಮೇಲೆ ಹೇಳಿದ್ದು ಅಂದಾಜು ಮಾತ್ರ. ಬೇಸಿಗೆಯ ಒಣ ಹಿಟ್ಟು ಹೆಚ್ಚು ಕುಡಿಯುತ್ತದೆ, ಮಳೆಗಾಲದಲ್ಲಿ ಕಡಿಮೆ. ಆದ್ದರಿಂದ ಎಸರನ್ನು ಕೊಂಚ ಕಡಿಮೆ ಹಾಕಿ, ಉಳಿದ ಕೊರತೆಯನ್ನು ನಾದುವಾಗ ಕೈಗೆ ನೀರು ಮುಟ್ಟಿಸಿಕೊಂಡು ತುಂಬುವುದು ಒಳ್ಳೆಯದು.

ಬಡಿಯುವಾಗ ಬಿರುಕು ಎಲ್ಲಿ ಬರುತ್ತದೆ?

ಬಿರುಕಿನ ಜಾಗವೇ ಬಹಳಷ್ಟು ಹೇಳುತ್ತದೆ. ಅಂಚಿನ ಸುತ್ತ ಒಂದೇ ಸಮನೆ ಹಲ್ಲುಹಲ್ಲಾಗಿ ಒಡೆದರೆ ಹಿಟ್ಟು ಗಟ್ಟಿಯಾಗಿದೆ ಅಥವಾ ನಾದಿದ್ದು ಸಾಲದು. ಒಂದೆರಡು ಕಡೆ ಮಾತ್ರ ಆಳವಾಗಿ ಸೀಳಿದರೆ ಉಂಡೆ ಕಟ್ಟಿದಾಗಲೇ ಅಲ್ಲಿ ಮಡಿಕೆ ಉಳಿದಿತ್ತು. ನಡುವೆ ಹರಿದರೆ ಅಂಗೈಯ ಒತ್ತಡವೆಲ್ಲ ನಡುವೆಯೇ ಬೀಳುತ್ತಿದೆ.

ಕಲಸಿದ ಹಿಟ್ಟನ್ನು ಒಮ್ಮೆಲೇ ನಾದಿ ಉಂಡೆ ಮಾಡಿಟ್ಟುಬಿಡುವುದು ಚಪಾತಿಯ ಅಭ್ಯಾಸ. ಜೋಳಕ್ಕೆ ಅದು ಆಗಿಬರುವುದಿಲ್ಲ. ಗಂಜಿಯಾದ ಪಿಷ್ಟ ಆರುತ್ತಾ ಹೋದಂತೆ ಬಿಗಿಯುತ್ತದೆ, ಮೊದಲು ಮೆತ್ತಗಿದ್ದ ಹಿಟ್ಟು ಅರ್ಧ ಗಂಟೆಯಲ್ಲಿ ಬಿರುಸಾಗುತ್ತದೆ. ಹಾಗಾಗಿ ದೊಡ್ಡ ಮುದ್ದೆಯನ್ನು ಒದ್ದೆ ಬಟ್ಟೆಯಡಿ ಮುಚ್ಚಿಟ್ಟು, ಒಂದೊಂದು ರೊಟ್ಟಿಗೆ ಬೇಕಾದಷ್ಟು ಹಿಟ್ಟನ್ನು ತೆಗೆದುಕೊಂಡು, ಬಡಿಯುವ ಮುಂಚೆ ಮತ್ತೆ ಮಿದಿಯಬೇಕು. ಅಂಗೈಯ ಬುಡದಿಂದ ಹಿಟ್ಟನ್ನು ಮುಂದಕ್ಕೆ ಒತ್ತಿ ಉಜ್ಜಿ, ಮಡಚಿ, ಮತ್ತೆ ಉಜ್ಜಬೇಕು. ಶುರುವಿನಲ್ಲಿ ಹಿಟ್ಟು ಒರಟಾಗಿ, ಹರಕುಹರಕಾಗಿ ಮುಂದೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಹಿಟ್ಟು ಹಲಗೆಯ ಮೇಲೆ ನುಣುಪಾದ ನಾಲಗೆಯಂತೆ ಚಾಚಿಕೊಳ್ಳುತ್ತದೆ, ತುದಿ ಹರಿಯುವುದಿಲ್ಲ. ಆ ತುದಿಯನ್ನು ನೋಡುತ್ತಿರಿ. ತುದಿ ಹರಿಯುವುದು ನಿಂತಾಗ ನಾದಿದ್ದು ಸಾಕು. ಉಗುರುಬೆಚ್ಚಗಿನ ನೀರನ್ನು ಕೈಗೆ ಮುಟ್ಟಿಸಿಕೊಂಡರೆ ಈ ಕೆಲಸ ಬೇಗ ಮುಗಿಯುತ್ತದೆ.

ಉಂಡೆ ಕಟ್ಟುವಾಗ ಎರಡೂ ಅಂಗೈ ನಡುವೆ ತಿರುಗಿಸಿ, ಬಿಲ್ಲೆಯಂತೆ ಒತ್ತಿ, ಅದರ ಅಂಚನ್ನು ಬೆರಳಿನಿಂದ ಸುತ್ತ ತಿದ್ದಿ. ಈಗ ಉಳಿದ ಸಣ್ಣ ಗೆರೆ ರೊಟ್ಟಿ ಅಗಲವಾದಾಗ ಕೈಬೆರಳಷ್ಟು ಉದ್ದದ ಸೀಳಾಗುತ್ತದೆ. ಹಲಗೆಯ ಮೇಲೆ ಒಣಹಿಟ್ಟು ಹರವಿ ಬಡಿಯುವಾಗ ರೊಟ್ಟಿ ಪ್ರತಿ ಏಟಿಗೂ ತುಸು ತಿರುಗುತ್ತಿರಬೇಕು. ತಿರುಗುವುದು ನಿಂತಿತೆಂದರೆ ಅಡಿಯಲ್ಲಿ ಅಂಟಿದೆ. ಆಗ ಜೋರಾಗಿ ಬಡಿದರೆ ಹರಿಯುತ್ತದೆ. ಬಡಿಯುವುದನ್ನು ನಿಲ್ಲಿಸಿ, ಅಂಚು ಎತ್ತಿ ಒಣಹಿಟ್ಟು ಸರಿಸಿ ಮುಂದುವರಿಯಿರಿ. ಏಟು ನಡುವಿನಿಂದ ಹೊರಗೆ, ಅಂಚಿನ ಕಡೆಗೆ ಬೀಳಲಿ.

ಲಟ್ಟಣಿಗೆ ಹಿಡಿಯಬಹುದೇ ಎಂದು ಬಹಳ ಮಂದಿ ಸಂಕೋಚದಿಂದ ಕೇಳುತ್ತಾರೆ. ಧಾರಾಳವಾಗಿ ಹಿಡಿಯಿರಿ. ಹಗುರ ಕೈಯಲ್ಲಿ, ಅಂಚಿನ ಮೇಲೆ ಒತ್ತಡ ಬೀಳದಂತೆ ಲಟ್ಟಿಸಿದರೆ ರೊಟ್ಟಿ ಚೆನ್ನಾಗಿಯೇ ಬರುತ್ತದೆ. ಎಸರು ಸರಿಯಿದ್ದ ಹಿಟ್ಟು ಲಟ್ಟಣಿಗೆಗೂ ಒಗ್ಗುತ್ತದೆ.

ಎತ್ತುವಾಗ ಮುರಿದು ಬಿದ್ದರೆ, ಆ ಹಿಟ್ಟಿನ ಜಿಗಿಗೆ ಮೀರಿ ತೆಳ್ಳಗೆ ಮಾಡಿದ್ದೀರಿ ಎಂದೇ ಅರ್ಥ. ಇನ್ನೊಂದು ರೊಟ್ಟಿಯನ್ನು ತುಸು ದಪ್ಪ, ತುಸು ಚಿಕ್ಕದಾಗಿ ಮಾಡಿ ನೋಡಿ.

ಹಂಚಿನ ಮೇಲೆ

ಇಲ್ಲಿಯವರೆಗೆ ಸರಿಯಾಗಿ ಬಂದು ಹಂಚಿನ ಮೇಲೆ ಕೆಡುವ ರೊಟ್ಟಿಯ ದೋಷಗಳು ಬೇರೆ. ಮೊದಲು ಹಂಚಿನ ಕಾವು ನೋಡಿ. ಕಾದ ಹಂಚಿನ ಮೇಲೆ ಒಂದು ಚಿಟಿಕೆ ಜೋಳದ ಹಿಟ್ಟು ಉದುರಿಸಿ. ಬಿದ್ದಕೂಡಲೇ ಕಪ್ಪಾಗಿ ಹೊಗೆ ಬಂದರೆ ಕಾವು ಹೆಚ್ಚು, ಬೆಳ್ಳಗೇ ಉಳಿದರೆ ಕಡಿಮೆ, ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿದರೆ ರೊಟ್ಟಿ ಹಾಕುವ ಹೊತ್ತು. ಪರೀಕ್ಷೆಯ ಹಿಟ್ಟನ್ನು ಒಣಬಟ್ಟೆಯಿಂದ ಒರೆಸಿಬಿಡಿ. ದಪ್ಪ ಕಬ್ಬಿಣದ ಹಂಚು ಒಳ್ಳೆಯದು, ಮಣ್ಣಿನದೂ ಸೈ. ತೆಳು ತವೆಯಲ್ಲಿ ತಣ್ಣನೆ ರೊಟ್ಟಿ ಬಿದ್ದಕೂಡಲೇ ಕಾವು ಇಳಿದುಹೋಗುತ್ತದೆ. ನಾನ್‌ಸ್ಟಿಕ್ ತವೆಯನ್ನು ಇಷ್ಟು ಕಾಯಿಸುವುದೇ ಸರಿಯಲ್ಲ.

ಒಣಹಿಟ್ಟು ಹತ್ತಿದ ಅಡಿಮೈ ಮೇಲೆ ಬರುವಂತೆ ರೊಟ್ಟಿ ಹಾಕಿ, ಕೂಡಲೇ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೇಲ್ಮೈಯನ್ನೆಲ್ಲ ಸವರಬೇಕು. ಇದು ಬರೀ ಹಿಟ್ಟು ಒರೆಸುವ ಕೆಲಸವಲ್ಲ. ಆ ನೀರು ಮೇಲ್ಪದರದ ಪಿಷ್ಟವನ್ನು ಗಂಜಿ ಮಾಡಿ ತೆಳುವಾದ ಪೊರೆ ಕಟ್ಟಿಸುತ್ತದೆ. ಮುಂದೆ ಹಬೆಯನ್ನು ಹಿಡಿದಿಟ್ಟು ರೊಟ್ಟಿ ಉಬ್ಬಿಸುವುದು ಆ ಪೊರೆಯೇ. ಬಡಿಯುವಾಗ ನೆಟ್ಟಗಿದ್ದ ರೊಟ್ಟಿ ಹಂಚಿನ ಮೇಲೆ ಬಿದ್ದ ಮೇಲೆ ಒಣಗಿ ಬಿರಿದರೆ ನೀರು ಸವರಿದ್ದು ತಡವಾಗಿದೆ ಎಂದೇ ತಿಳಿಯಿರಿ. ಬಟ್ಟೆ, ನೀರಿನ ಬಟ್ಟಲು ಒಲೆಯ ಪಕ್ಕದಲ್ಲೇ ಇರಲಿ, ರೊಟ್ಟಿ ಹಾಕಿ ಆಮೇಲೆ ಬಟ್ಟೆ ಹುಡುಕುವಂತಾಗಬಾರದು. ಮೇಲೆ ಬಿಳಿ ಕಲೆ ಉಳಿದು ಬಾಯಿಗೆ ಹಸಿ ಹಿಟ್ಟು ಹತ್ತಿದರೆ ಬಟ್ಟೆ ಎಲ್ಲ ಕಡೆ ತಾಗಿಲ್ಲ.

ಮಗುಚುವ ಹೊತ್ತನ್ನು ಕಣ್ಣಿನಿಂದ ಅಳೆಯಬೇಕು. ಸವರಿದ ನೀರಿನ ಹೊಳಪು ಹೋಗಿ, ತೇವ ಇನ್ನೂ ಉಳಿದಿರುವಾಗ ಮಗುಚಬೇಕು. ಹೊಳಪು ಇರುವಾಗಲೇ ಮಗುಚಿದರೆ ಒದ್ದೆ ಮೈ ಹಂಚಿಗೆ ಹಿಡಿಯುತ್ತದೆ, ಪೂರ್ತಿ ಒಣಗಿದ ಮೇಲೆ ಮಗುಚಿದರೆ ಪೊರೆ ಬಿರಿಯುತ್ತದೆ. ರೊಟ್ಟಿ ಹಂಚಿಗೆ ಹಿಡಿಯುವುದಕ್ಕೆ ಇನ್ನೊಂದು ಕಾರಣ ಬಟ್ಟೆಯನ್ನು ಸರಿಯಾಗಿ ಹಿಂಡದಿರುವುದು. ನೀರು ಅಂಚಿನಿಂದ ಇಳಿದು ಅಡಿಗೆ ಸೇರಿದರೆ ರೊಟ್ಟಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಕಚ್ಚಿದ ರೊಟ್ಟಿಯನ್ನು ಬಲವಂತವಾಗಿ ಎಬ್ಬಿಸಬೇಡಿ. ಉರಿ ತಗ್ಗಿಸಿ ಸ್ವಲ್ಪ ಹೊತ್ತು ಬಿಟ್ಟರೆ ಅಡಿ ಒಣಗಿ ತಾನಾಗಿ ಬಿಡುತ್ತದೆ. ಮುಂದಿನ ರೊಟ್ಟಿಗೆ ಮುಂಚೆ ಹಂಚನ್ನು ಒರೆಸಿಕೊಳ್ಳಿ.

ಉಬ್ಬದ ರೊಟ್ಟಿಯ ಬಗ್ಗೆ ಜನ ಅತಿಯಾಗಿ ಚಿಂತಿಸುತ್ತಾರೆ. ಚೆನ್ನಾಗಿ ಬೆಂದಿದ್ದರೆ ಉಬ್ಬದಿದ್ದರೂ ರೊಟ್ಟಿ ರೊಟ್ಟಿಯೇ. ಆದರೂ ಕಾರಣ ತಿಳಿಯಬೇಕೆಂದರೆ ಹಬೆ ಎಲ್ಲಿಂದ ಹೊರಗೆ ಹೋಗುತ್ತಿದೆ ಎಂದು ಬಗ್ಗಿ ನೋಡಿ. ಒಂದು ಕಡೆ ಸಣ್ಣಗೆ ಹಬೆ ಚಿಮ್ಮುತ್ತಿದ್ದರೆ ಅಲ್ಲಿ ತೂತಿದೆ. ಬಟ್ಟೆಯಿಂದ ಆ ಜಾಗವನ್ನು ಒತ್ತಿ ಹಿಡಿದರೆ ಉಳಿದ ಭಾಗ ಏಳುತ್ತದೆ. ಅರ್ಧ ಮಾತ್ರ ಉಬ್ಬಿ ಅರ್ಧ ಮಲಗಿದ್ದರೆ ದಪ್ಪ ಸಮನಾಗಿಲ್ಲ. ಎಲ್ಲಿಯೂ ಏಳದೆ ಸುಮ್ಮನೆ ಗಟ್ಟಿಯಾದರೆ ಹಂಚು ಕಾದಿಲ್ಲ, ಅಥವಾ ಮೊದಲ ಮೈಯನ್ನೇ ಬಹಳ ಹೊತ್ತು ಬೇಯಿಸಿ ಒಳಗಿನ ತೇವ ಆರಿಹೋಗಿದೆ.

ಆರಿದ ಮೇಲೆ ಬಿರುಸಾದರೆ

ಒಲೆಯಿಂದ ತೆಗೆದಾಗ ಮೆತ್ತಗಿದ್ದು, ಊಟಕ್ಕೆ ಕೂರುವ ಹೊತ್ತಿಗೆ ಹಪ್ಪಳದಂತಾಗಿದ್ದರೆ ಉರಿ ಸಣ್ಣದಿತ್ತು. ಸಣ್ಣ ಉರಿಯಲ್ಲಿ ರೊಟ್ಟಿ ಬೇಯುವುದಕ್ಕಿಂತ ಒಣಗುವುದೇ ಹೆಚ್ಚು. ದೊಡ್ಡ ಉರಿಯಲ್ಲಿ ಬೇಗ ಬೇಯಿಸಿ, ಬಟ್ಟೆ ಹಾಸಿದ ಬುಟ್ಟಿಯಲ್ಲಿ ಒಂದರ ಮೇಲೊಂದು ಇಟ್ಟು ಮುಚ್ಚಿ. ಬಿಸಿ ರೊಟ್ಟಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿದರೆ ಮುಚ್ಚಳದಿಂದ ಬೆವರು ಇಳಿದು ಮೇಲಿನವು ಮುದ್ದೆಯಾಗುತ್ತವೆ. ಮರುದಿನಕ್ಕೆ ಉಳಿದ ಮೆತ್ತನ ರೊಟ್ಟಿಗೆ ನೀರು ಚಿಮುಕಿಸಿ ಹಂಚಿನ ಮೇಲೆ ಕಾಯಿಸಿದರೆ ಬಿಗಿದ ಪಿಷ್ಟ ಮತ್ತೆ ಸಡಿಲುತ್ತದೆ.

ಒಣಗಿಸಿ ಗರಿಗರಿ ಮಾಡಿದ ಖಡಕ್ ರೊಟ್ಟಿಯ ದೋಷ ಇದಕ್ಕೆ ತಿರುವುಮುರುವು. ಅಲ್ಲಿ ತೇವ ಉಳಿಯುವುದೇ ತಪ್ಪು. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ರಾಶಿರಾಶಿ ರೊಟ್ಟಿ ಬರುತ್ತವೆ. ಅವು ಮನೆಮನೆಗಳಲ್ಲಿ ದಿನಗಳ ಮುಂಚೆ ಬಡಿದಿಟ್ಟ ಖಡಕ್ ರೊಟ್ಟಿಗಳು, ಕೆಡದೆ ನಿಲ್ಲುವುದು ತೇವ ಪೂರ್ತಿ ಆರಿಸಿದ್ದರಿಂದ. ನಿಮ್ಮ ಖಡಕ್ ರೊಟ್ಟಿ ಮುರಿಯುವ ಬದಲು ಬಗ್ಗುತ್ತಿದ್ದರೆ ಇನ್ನೂ ಆರಬೇಕು. ಹಾಳೆಯಷ್ಟು ತೆಳ್ಳಗೆ ಬಡಿದು, ಬೇಯಿಸಿ, ಆಮೇಲೆ ಸಣ್ಣ ಕಾವಿನ ಹಂಚಿನ ಮೇಲೆ ಬಟ್ಟೆಯಿಂದ ಒತ್ತುತ್ತಾ ಒಣಗಿಸಿ. ಒತ್ತದಿದ್ದರೆ ಅಂಚು ಮೇಲಕ್ಕೆ ಸುರುಳಿ ಸುತ್ತುತ್ತದೆ, ಪೇರಿಸಿದಾಗ ಮುರಿಯುತ್ತದೆ. ಪೂರ್ತಿ ಆರುವ ತನಕ ಮುಚ್ಚಬೇಡಿ. ಬೂಷ್ಟು ಬರುವುದು ನಡುವಿನಿಂದ, ಅಲ್ಲೇ ದಪ್ಪ ಉಳಿದಿರುತ್ತದೆ. ಬೂಷ್ಟು ಕಂಡ ರೊಟ್ಟಿಯನ್ನು ಕೆರೆದು ತಿನ್ನಬಾರದು. ಮಳೆಗಾಲದಲ್ಲಿ ಮೆತ್ತಗಾದವನ್ನು ಹಂಚಿನ ಮೇಲೆ ಒಮ್ಮೆ ಕಾಯಿಸಿದರೆ ಸರಿಹೋಗುತ್ತವೆ.

ಕಲಸಿದ ಹಿಟ್ಟು ಕೈಕೊಟ್ಟ ದಿನ

ಎಸರು ತಪ್ಪಿದ್ದು ಬಡಿಯುವಾಗ ಗೊತ್ತಾದರೆ ಆ ಹಿಟ್ಟಿಗೂ ದಾರಿ ಇದೆ. ಅದರಲ್ಲಿ ಕಾಲುಭಾಗ ತೆಗೆದು, ಸ್ವಲ್ಪ ನೀರು ಬೆರೆಸಿ ತೆಳ್ಳಗೆ ಮಾಡಿ, ಒಲೆಯ ಮೇಲೆ ಗಂಜಿಯಂತೆ ಗಟ್ಟಿಯಾಗುವ ತನಕ ಕೈಯಾಡಿಸಿ ಕುದಿಸಿ. ಅದನ್ನು ಬಿಸಿಯಾಗಿರುವಾಗಲೇ ಉಳಿದ ಮುಕ್ಕಾಲಿಗೆ ಸೇರಿಸಿ ನಾದಿದರೆ ಜಿಗಿ ಬರುತ್ತದೆ. ಹಿಟ್ಟು ಸಡಿಲವಾಯಿತೆಂದರೆ ಒಣಹಿಟ್ಟು ಸೇರಿಸಿಕೊಳ್ಳಿ. ಗೋಧಿ ಬೆರೆಸುವುದರ ಬದಲು ಇದನ್ನೇ ಮಾಡಿ, ಕೆಲಸ ಒಂದೇ, ರುಚಿ ಜೋಳದ್ದೇ.

ಅಷ್ಟು ಹೊತ್ತಿಲ್ಲದಿದ್ದರೆ ಮುಟಗಿ ಮಾಡಿಕೊಳ್ಳಿ. ಹಿಟ್ಟನ್ನು ಬೆರಳು ದಪ್ಪಕ್ಕೆ ತಟ್ಟಿ, ಎರಡೂ ಮೈ ನಿಧಾನವಾಗಿ ಬೇಯಿಸಿ, ಬಿಸಿ ಇರುವಾಗಲೇ ಮುರಿದು ಒರಳಿಗೆ ಹಾಕಿ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿ, ಮುಷ್ಟಿಯಲ್ಲಿ ಉಂಡೆ ಕಟ್ಟಿ, ಶೇಂಗಾ ಎಣ್ಣೆ ಅಥವಾ ತುಪ್ಪ ಹಾಕಿಕೊಂಡು ತಿನ್ನಿ. ಇದಕ್ಕೆ ಹಿಟ್ಟು ಒಡೆಯುತ್ತದೆಯೋ ಇಲ್ಲವೋ ಎನ್ನುವ ಪ್ರಶ್ನೆಯೇ ಬರುವುದಿಲ್ಲ. ದಪ್ಪ ಇರುವುದರಿಂದ ಒಳಗೆ ಬೇಯಲು ಹೊತ್ತು ಹಿಡಿಯುತ್ತದೆ, ನಡುವೆ ಮುರಿದು ನೋಡಿ ಹಸಿ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಒರಳಿಗೆ ಹಾಕಿ.